ಗರಿಗಳ ಭಾನುವಾರದ ಎರಡು ಹಾಳೆಗಳು

ಕಳೆದ ತಿಂಗಳು ಒಂದು ಮದುವೆಗೆಂದು ಅರಸೀಕೆರೆಗೆ ಹೋಗಿದ್ದೆ. ಹಾಸನದ ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ರೈಲ್ವೆ ಕಾಲೊನಿಯ ಕಡೆಗೆ ಸುಮ್ಮನೆ ನಡೆದೆ. ಅದು ಶನಿವಾರದ ಮಧ್ಯಾಹ್ನ. ನಮ್ಮ ಹಳೆಯ ಚರ್ಚಿನ ಹಿಂದಿನ ಕೋಣೆಯಲ್ಲಿ ಯಾರೋ ಒಣದ್ರಾಕ್ಷಿ ಕುದಿಸುತ್ತಿದ್ದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಮರುದಿನದ ಕರ್ತನ ಭೋಜನಕ್ಕೆ ಬೇಕಾದ ರಸವನ್ನು ಅಂಗಡಿಯಿಂದ ತರದೆ, ಒಣದ್ರಾಕ್ಷಿಯನ್ನು ನೆನೆಸಿ, ಕುದಿಸಿ, ಬಿಳಿಯ ಬಟ್ಟೆಯಲ್ಲಿ ಸೋಸಿ ಇಡುವುದು ನಮ್ಮ ಸಭೆಯ ಪದ್ಧತಿ. ಸಿಹಿಯೂ ಹುಳಿಯೂ ಬೆರೆತ ಆ ಹಬೆ ಮೂಗಿಗೆ ತಾಕಿದೊಡನೆ, ನಾನು ಪದವಿ ಮುಗಿಸಿ ಮನೆಗೆ ಮರಳಿದ್ದ ಬೇಸಿಗೆ ಇಡಿಯಾಗಿ ಎದುರಿಗೆ ಬಂದು ನಿಂತಿತು.

ಅದು ತೊಂಬತ್ತರ ದಶಕದ ನಡುವಿನ ಮಾತು. ಊರಿನ ಸುತ್ತ ಮೀಟರ್‌ಗೇಜ್ ಹಳಿಗಳನ್ನು ಕಿತ್ತು ಬ್ರಾಡ್‌ಗೇಜ್ ಹಾಕುತ್ತಿದ್ದ ಕಾಲ. ಹಳಿಯಡಿಯಿಂದ ಕಿತ್ತ ಮರದ ಸ್ಲೀಪರುಗಳು ಕಾಲೊನಿಯ ಬೇಲಿಯುದ್ದಕ್ಕೂ ರಾಶಿಬಿದ್ದಿದ್ದವು. ಬಿಸಿಲೇರಿದಂತೆ ಅವುಗಳಿಂದ ಡಾಂಬರು ಒಸರುತ್ತಿತ್ತು. ನನ್ನ ಅಪ್ಪ ಯೋನಪ್ಪ ರೈಲ್ವೆಯಲ್ಲಿ ಕೀಮನ್ ಆಗಿದ್ದರು. ತಮಗೆ ವಹಿಸಿದ ಹಳಿಯ ಉದ್ದವನ್ನು ಪ್ರತಿದಿನ ನಡೆದು ನೋಡಿ, ಸಡಿಲವಾದ ಕೀಲಿಗಳನ್ನು ಸುತ್ತಿಗೆಯಿಂದ ಬಿಗಿಮಾಡುವುದು ಅವರ ಕೆಲಸ. ಅವ್ವ ಆಸ್ಪತ್ರೆಯಲ್ಲಿ ಆಯಾ. ಎರಡೂ ಕಡೆಯ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಸನದಲ್ಲಿ ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ ಕುಳಿತಿದ್ದ ಆ ದಿನಗಳಲ್ಲಿ, ಒಂದು ರಜಾ ಚೀಟಿ ಬರೆದುಕೊಡುವಾಗಲೂ ಮೂರು ಸಲ ಓದಿ ನೋಡುತ್ತಿದ್ದೆ. ನನ್ನ ಒಂದು ತಪ್ಪು ಇಡೀ ಮನೆತನದ ತಪ್ಪೆಂದು ಜನ ಎಣಿಸುತ್ತಾರೆ ಎಂಬ ಭಯ ನನ್ನಲ್ಲಿತ್ತು.

ಆ ವರ್ಷ ನಮ್ಮ ಸಭೆಯಲ್ಲಿ ಒಂದು ಕಲಕು ಉಂಟಾಗಿತ್ತು. ಹೊರಗಿನಿಂದ ಬಂದ ಬೋಧಕರೊಬ್ಬರು, ಎಳೆಗೂಸಿನ ತಲೆಯ ಮೇಲೆ ನೀರು ಚಿಮುಕಿಸುವುದು ದೀಕ್ಷಾಸ್ನಾನವೇ ಆಗುವುದಿಲ್ಲ, ತಿಳಿವಳಿಕೆ ಬಂದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಬೇಕು ಎಂದು ಬೋಧಿಸಿ, ಕೆಲವರನ್ನು ಹಳೇಬೀಡಿನ ಕೆರೆಗೆ ಕರೆದೊಯ್ದು ಮುಳುಗಿಸಿದ್ದರು. ಅವರಲ್ಲಿ ಮೂರು ಮನೆಯವರು ನಮ್ಮ ಚರ್ಚನ್ನೇ ಬಿಟ್ಟರು. ಹಾಗೆ ಮುಳುಗಿದವರಲ್ಲಿ ಅವ್ವನೂ ಒಬ್ಬಳು. ಆದರೆ ಅವ್ವ ಮುಂದಿನ ಭಾನುವಾರ ಯಥಾಪ್ರಕಾರ ಬಂದು ತನ್ನ ಬೆಂಚಿನಲ್ಲೇ ಕುಳಿತಳು.

"ಕೂಸಾಗಿದ್ದಾಗ ಚಿಮುಕ್ಸಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಈಗ ಮುಳುಗಿದ್ದು ಗೊತ್ತಾಯ್ತು. ಎರಡು ಸಲ ನೆಂದ್ರೆ ಕರಗೋಗಕ್ಕೆ ನಾನೇನು ಬೆಲ್ಲದಚ್ಚಾ?" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

"ಆ ಕೆರೇಲಿ ಮುಳುಗಿ ನಿಮ್ಮವ್ವಂಗೆ ಸಿಕ್ಕಿದ್ದು ಎಂಟು ದಿನ ನೆಗಡಿ," ಎಂದು ಅಪ್ಪ ನನ್ನ ಕಡೆ ತಿರುಗಿ ನಗುತ್ತಿದ್ದರು. ಒಂದೇ ಒಲೆಯ ಮುಂದೆ ಕುಳಿತು ಮುದ್ದೆ ಮುರಿಯುತ್ತ ಇಬ್ಬರೂ ಈ ವಿಷಯದಲ್ಲಿ ಕೊನೆಯವರೆಗೆ ಒಂದಾಗಲಿಲ್ಲ.

ಆದರೆ ನಮ್ಮ ಸಭೆಯ ಸೆಕ್ರೆಟರಿ ದೇವಸಹಾಯಂ ಅವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಅವರು ನಿವೃತ್ತ ರೈಲ್ವೆ ಗಾರ್ಡ್. ಎಲ್ಲರೂ ಅವರನ್ನು ಗಾರ್ಡ್ ಸಾರ್ ಎನ್ನುತ್ತಿದ್ದರು. ಅವರ ಪತ್ನಿ ದೀರ್ಘ ಕಾಯಿಲೆಯಿಂದ ತೀರಿಕೊಂಡು ಆಗ ಒಂದು ವರ್ಷ ಕಳೆದಿತ್ತು. ಅಂದಿನಿಂದ ಚರ್ಚಿನ ಕೆಲಸವೇ ಅವರಿಗೆ ಮನೆಗೆಲಸವೂ ಆಗಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್‌ನ ನಲವತ್ತು ದಿನಗಳು ಆರಂಭವಾದ ವಾರ ಅವರು ನನ್ನನ್ನು ಕಮಿಟಿಯ ಮುಂದೆ ಕರೆಸಿದರು.

"ನಮ್ಮ ಸಭೇಲಿ ಮೊದಲನೇ ಡಿಗ್ರಿ ನಿಂದು, ಕರುಣಾ. ನಾವು ಏನು ನಂಬ್ತೀವಿ ಅನ್ನೋದನ್ನ ಒಂದು ಹಾಳೇಲಿ ಅಚ್ಚುಕಟ್ಟಾಗಿ ಬರೆದುಕೊಡು. ಎಲ್ಲರೂ ಸಹಿ ಹಾಕ್ಲಿ. ಸಿಗ್ನಲ್ ಕೆಂಪಾದ್ರೂ ಇರಬೇಕು, ಹಸಿರಾದ್ರೂ ಇರಬೇಕು. ಎರಡೂ ಒಟ್ಟಿಗೆ ಉರಿದ್ರೆ ಗಾಡಿ ಓಡ್ಸೋನು ಏನು ಮಾಡ್ಬೇಕು?"

ನಾನು ಒಪ್ಪಿಕೊಂಡೆ. ನಮ್ಮ ಪಾದ್ರಿಗಳಾದ ಸಭಾಪಾಲಕರ ಕಪಾಟಿನಿಂದ ಪ್ರಶ್ನೋತ್ತರ ರೂಪದ ಹಳೆಯದೊಂದು ಬೋಧನಾ ಪುಸ್ತಕವನ್ನು ತಂದು, ಒಂದು ವಾರ ಕಾಲ ಟ್ರಂಕಿನ ಮೇಲೆ ಹಾಳೆಯಿಟ್ಟುಕೊಂಡು ಬರೆದೆ. ಮೊದಲು ಹತ್ತು ವಾಕ್ಯಗಳಾದವು. ಹತ್ತೆಂದರೆ ಬೈಬಲಿನ ದಶಾಜ್ಞೆಗಳೊಡನೆ ಪೈಪೋಟಿಗಿಳಿದಂತೆ ಕಾಣುತ್ತದೆಂದು ತೋರಿ, ಪುಸ್ತಕದಿಂದ ಇನ್ನೆರಡನ್ನು ಆರಿಸಿ ಸೇರಿಸಿ ಹನ್ನೆರಡು ಮಾಡಿದೆ. ದೇವರು ಲೋಕವನ್ನು ಸೃಷ್ಟಿಸಿದನೆಂಬುದು ಮೊದಲನೆಯದು. ಯೇಸು ನಮಗಾಗಿ ಸತ್ತು ಎದ್ದನೆಂಬುದು ಎರಡನೆಯದು. ಶಿಶುವಾಗಿದ್ದಾಗ ಪಡೆದ ದೀಕ್ಷಾಸ್ನಾನವೇ ಸಾಕು, ಮರಳಿ ಪಡೆಯುವುದು ತಪ್ಪೆಂಬುದು ಮೂರನೆಯದು. ಹಾಗೆ ಸಾಗಿ ಒಂಬತ್ತನೆಯದರಲ್ಲಿ, 'ದೀಕ್ಷಾಸ್ನಾನವನ್ನು ಹೊಂದದೆ ಮೃತರಾದವರಿಗೆ ರಕ್ಷಣೆಯಿಲ್ಲ' ಎಂದು ಬರೆದೆ. ಹನ್ನೊಂದನೆಯದು, 'ವಿಶ್ವಾಸದಿಂದ ಮಾಡಿದ ಪ್ರಾರ್ಥನೆಯು ಎಲ್ಲ ರೋಗಗಳನ್ನೂ ನಿಶ್ಚಯವಾಗಿ ಗುಣಪಡಿಸುತ್ತದೆ' ಎಂದಿತ್ತು. ಬರೆಯುವಾಗ ನಾನು ನೋಡಿದ್ದು ವಾಕ್ಯದ ಬಿಗಿಯನ್ನು. ಕಾಗುಣಿತ ತಪ್ಪಿಲ್ಲ, ಕರ್ತೃವಿಗೆ ಸರಿಯಾಗಿ ಕ್ರಿಯೆ ಹೊಂದಿದೆ ಎಂಬಷ್ಟಕ್ಕೆ ತೃಪ್ತಳಾದೆ. ಇವುಗಳನ್ನು ನಮ್ಮ ಸಭೆಯಲ್ಲಿ ಯಾರು ನಂಬುತ್ತಾರೆಂದು ಒಬ್ಬರನ್ನೂ ಕೇಳಲಿಲ್ಲ. ಎಲ್ಲರೂ ಹಿಡಿದಿದ್ದ ನಂಬಿಕೆಯನ್ನೂ ಕೆಲವರಷ್ಟೇ ಹಿಡಿದಿದ್ದ ಅಭಿಪ್ರಾಯವನ್ನೂ ಒಂದೇ ಅಳತೆಯ ಅಕ್ಷರಗಳಲ್ಲಿ ಬರೆದುಬಿಟ್ಟೆ.

ಸಭಾಪಾಲಕರನ್ನು ನಾವು ಅಯ್ಯನವರು ಎಂದು ಕರೆಯುತ್ತಿದ್ದೆವು. ಅವರು ಆಗ ಬೇಲೂರು ಕಡೆಯ ನಾಲ್ಕಾರು ಕುಟುಂಬಗಳನ್ನು ನೋಡಿಕೊಂಡು ಬರಲು ಹೋಗಿದ್ದರು. ಕಮಿಟಿಯೇ ಹಾಳೆಗೆ ಒಪ್ಪಿಗೆ ಕೊಟ್ಟಿತು. ಈಸ್ಟರ್ ಹಬ್ಬದೊಳಗೆ ಸಹಿ ಹಾಕದವರಿಗೆ ಹಬ್ಬದ ದಿನ ಕರ್ತನ ಭೋಜನವಿಲ್ಲ ಎಂಬ ಮಾತನ್ನು ಗಾರ್ಡ್ ಸಾರ್ ತಾವೇ ಸೇರಿಸಿದರು.

ಮೊದಲ ಭಾನುವಾರ ಆರಾಧನೆ ಮುಗಿದೊಡನೆ ಬಾಗಿಲ ಬಳಿಯ ಮೇಜಿನ ಮೇಲೆ ಹಾಳೆಯನ್ನು ಇಡಲಾಯಿತು. ಮೊದಲನೆಯ ಸಹಿ ಗಾರ್ಡ್ ಸಾರ್ ಅವರದು. ಓದು ಬಾರದ ಅವ್ವ, "ಬರ್ದಿರೋಳು ನನ್ ಮಗಳು, ಇನ್ನೇನು ನೋಡದು?" ಎಂದು ಹೆಬ್ಬೆಟ್ಟು ಒತ್ತಿ ಹೆಮ್ಮೆಯಿಂದ ಸುತ್ತಲೂ ನೋಡಿದಳು. ಅಪ್ಪನ ಸರದಿ ಬಂತು. ಅವರು ಕನ್ನಡಕ ಏರಿಸಿಕೊಂಡು, ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಓದಿ ಅಲ್ಲಿಗೇ ಬಂದು ನಿಂತರು. ಪೆನ್ನನ್ನು ಮೇಜಿನ ಮೇಲಿಟ್ಟರು.

"ಆಮೇಲೆ ನೋಡ್ತೀನಿ ಸಾರ್," ಎಂದಷ್ಟೇ ಹೇಳಿ ಹೊರಗೆ ನಡೆದರು.

ಮುಂದಿನ ಭಾನುವಾರವೂ ಹಾಕಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹಾಳೆಯಲ್ಲಿ ಸಹಿಗಳು ತುಂಬುತ್ತ ಬಂದಂತೆ, ಮಗಳು ಬರೆದದ್ದಕ್ಕೆ ಅಪ್ಪನೇ ಒಪ್ಪಿಲ್ಲವಂತೆ ಎಂಬ ಮಾತು ಕಾಲೊನಿಯ ನಲ್ಲಿಯ ಬಳಿಗೂ ತಲುಪಿತು. ನನಗಾದ ಮೊದಲ ಅನುಭವ ಅವಮಾನ ಎಂಬುದನ್ನು ಮುಚ್ಚಿಡಲಾರೆ. ಅಪ್ಪನ ಕಷ್ಟ ನನಗೆ ಹೊಳೆದದ್ದು ಆಮೇಲೆ. ಮೂವತ್ತು ವರ್ಷಗಳಲ್ಲಿ ಒಂದು ಈಸ್ಟರ್‌ನಲ್ಲಿಯೂ ಅವರು ಕರ್ತನ ಭೋಜನದ ಮೇಜನ್ನು ತಪ್ಪಿಸಿಕೊಂಡವರಲ್ಲ. ಈ ಸಲ ಹಬ್ಬದ ದಿನ ಎಲ್ಲರೂ ಎದ್ದು ಮುಂದೆ ಹೋಗುವಾಗ ಅವರೊಬ್ಬರೇ ಬೆಂಚಿನಲ್ಲಿ ಉಳಿಯಬೇಕಾಗಿತ್ತು. ಹಾಗೆ ಕೂರಿಸುವುದು ನನ್ನ ಹಾಳೆ.

ಒಂದು ಮಧ್ಯಾಹ್ನ ಬಾಣಾವರದ ಕಡೆಯ ಹಳಿಯ ಪಕ್ಕ ಅಪ್ಪನ ಜೊತೆ ಕೆಲಸ ಮಾಡುವ ಗ್ಯಾಂಗಿನವರು ಬಿಡಾರ ಮಾಡಿದ್ದಲ್ಲಿಗೆ ಅಪ್ಪನಿಗೆ ಬುತ್ತಿ ಒಯ್ದೆ. ಹೊಂಗೆಯ ಮರದ ನೆರಳಿನಲ್ಲಿ ಅವರು ಊಟ ಮುಗಿಸುವವರೆಗೂ ಕಾದು, ಕೊನೆಗೆ ಕೇಳಿಯೇಬಿಟ್ಟೆ.

"ಅಪ್ಪಾ, ಒಂದು ಸಹಿ ಹಾಕಿಬಿಟ್ಟರೆ ಏನಾಗುತ್ತೆ? ಬರೀ ಒಂದು ಹಾಳೆ ಅಲ್ವಾ?"

"ನೀನೇ ಹಿಂಗಂದ್ರೆ ಹೆಂಗವ್ವ? ಬರ್ದೋಳು ನೀನು," ಎಂದರು ಅಪ್ಪ. ಅವರ ದನಿಯಲ್ಲಿ ಕೋಪವಿರಲಿಲ್ಲ. "ನಾನು ದಿನಾ ಸಂಜೆ ಮೇಸ್ತ್ರಿ ಪುಸ್ತಕದಲ್ಲಿ ಸೈನ್ ಹಾಕ್ತೀನಿ, ಗೊತ್ತೇನು? ನಾನು ನಡೆದು ನೋಡಿರೋ ಹಳಿಗೆ ಮಾತ್ರ ಹಾಕದು. ಆಚೆ ಕಡೆ ಹಳಿ ಚೆನ್ನಾಗೇ ಇರಬೋದು. ಆದ್ರೆ ನಾನು ನೋಡಿಲ್ವಲ್ಲ. ನೋಡ್ದೇ ಇರೋದಕ್ಕೆ ಸೈನ್ ಹಾಕುದ್ರೆ ಅದು ಸುಳ್ಳಾಯ್ತದೆ. ಸತ್ತ ಮೇಲೆ ಯಾರು ಒಳಗೆ, ಯಾರು ಹೊರಗೆ ಅನ್ನೋದು ನಾನು ನಡೆದಿರೋ ದಾರಿ ಅಲ್ಲ ಮಗಾ."

ಬುತ್ತಿಯ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತ ಮುಂದುವರಿಸಿದರು.

"ನಮ್ಮವ್ವ ಕೆಂಚಮ್ಮನ್ನ ನೀನು ನೋಡಿಲ್ಲ. ಜಾವಗಲ್ ಪಕ್ಕದ ಹಳ್ಳೀಲಿ ಕೂಲಿ ಮಾಡ್ತಿದ್ಲು. ನನ್ನ ಇಲ್ಲಿ ಚರ್ಚಿನ ಹಾಸ್ಟೆಲ್‌ಗೆ ಸೇರಿಸ್ದೋಳು ಅವ್ಳೇ. ತಿಂಗಳಿಗೊಂದು ಸಲ ತೆಂಗಿನಕಾಯಿ ಗಾಡಿಗಳ ಹಿಂದೆ ನಡ್ಕೊಂಡು, ತಲೆ ಮೇಲೆ ರಾಗಿಹಿಟ್ಟು ಹೊತ್ಕೊಂಡು ಬರ್ತಿದ್ಲು. ಬಂದೋಳು ಮೊದ್ಲು ಕೇಳ್ತಿದ್ದದ್ದು, 'ಭಾನುವಾರ ಗುಡಿಗೆ ಹೋದ್ಯಾ?' ಅಂತ. ಚರ್ಚಿಗೂ ಗುಡಿ ಅಂತಾನೇ ಅಂತಿದ್ಲು. ನಾನು ದೊಡ್ಡೋನಾದ ಮೇಲೆ, 'ಅವ್ವ, ನೀನೂ ನೀರು ಹಾಕ್ಸ್ಕೊಳವ್ವ' ಅಂದೆ. 'ನಿಂಗೆ ಹಾಕ್ಸಿದ್ನಲ್ಲ, ಸಾಕ್ ಬಿಡು' ಅಂದ್ಲು. ಹಂಗೇ ಹೋದ್ಲು. ನನ್ನ ಬಾಗಿಲತನಕ ತಂದುಬಿಟ್ಟೋಳು ಹೊರಗೆ, ನಾನು ಒಳಗೆ ಅಂತ ನಾನೇ ಸೈನ್ ಹಾಕ್ಲಾ? ಹಬ್ಬದ ದಿನ ಭೋಜನ ಇಲ್ಲ ಅಂದ್ರೆ ಇಲ್ಲ. ಹಾಕಕ್ಕಾಗಲ್ಲ."

ಅವರು ಸುತ್ತಿಗೆ ಹೆಗಲಿಗೇರಿಸಿ ಹೊರಟರು. ನಾನು ಬಿಸಿಲಲ್ಲಿ ಮನೆಗೆ ಮರಳುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದೆ. ಒಂಬತ್ತನೆಯ ವಾಕ್ಯವನ್ನು ಹೊಡೆದುಹಾಕಿಬಿಡಿ ಎಂದು ಅಯ್ಯನವರನ್ನು ಬೇಡಿಕೊಳ್ಳಬೇಕು. ಅವರು ಹೇಳಿದರೆ ಯಾರೂ ಎದುರಾಡುವುದಿಲ್ಲ.

ಅಯ್ಯನವರು ಬೇಲೂರಿನಿಂದ ಮರಳಿದ್ದರು. ಜಗಲಿಯ ಮೇಲೆ ಕುಳಿತು ನನ್ನ ಹಾಳೆಯನ್ನು ಆದ್ಯಂತ ಓದಿದರು. ಭಾಷೆ ಚೆನ್ನಾಗಿದೆ ಎಂದರು. ಆ ಹೊಗಳಿಕೆ ಅಂದು ನನಗೆ ಹಿತವಾಗಲಿಲ್ಲ.

"ನಾನೇ ಹೊಡೆದುಹಾಕಬಹುದಮ್ಮ. ಹಾಕಿದರೆ ಏನಾಗುತ್ತೆ? ಅಯ್ಯನವರು ಯೋನಪ್ಪನ ಪರ, ಗಾರ್ಡ್ ಸಾರ್ ವಿರೋಧ ಅಂತ ಸಭೆ ಎರಡಾಗುತ್ತೆ," ಎಂದರು. "ನಂಬಿಕೆಯಲ್ಲಿ ಬುನಾದಿ ಅಂತ ಒಂದಿದೆ, ಅದರ ಮೇಲೆ ಅವರವರು ಕಟ್ಟಿಕೊಂಡ ಗೋಡೆ ಅಂತ ಒಂದಿದೆ. ನೀನು ಎರಡನ್ನೂ ಬೆರೆಸಿದ್ದೀಯ. ತಪ್ಪಾಗಿದ್ದು ಬರವಣಿಗೆಯಲ್ಲಿ, ಬರೆದವಳೇ ಎದ್ದುನಿಂತು ಹೇಳಲಿ. ಗರಿಗಳ ಭಾನುವಾರ ಸಭೆ ಕರೀತೀನಿ."

"ಎಲ್ಲರ ಮುಂದೆಯಾ, ಅಯ್ಯನವರೇ?"

"ಬರೆದದ್ದು ಎಲ್ಲರ ಮುಂದೆ ಅಲ್ವಾ?"

ಗರಿಗಳ ಭಾನುವಾರವೆಂದರೆ ಈಸ್ಟರ್‌ಗೆ ಮುಂಚಿನ ಭಾನುವಾರ. ಬೇರೆ ಊರುಗಳಲ್ಲಿ ಯಾವ ಗರಿ ಹಿಡಿಯುತ್ತಾರೋ ತಿಳಿಯದು. ತೆಂಗಿನ ಸೀಮೆಯ ನಾವು ತೆಂಗಿನ ಎಳೆಗರಿಗಳನ್ನೇ ಹಿಡಿದು ಚರ್ಚನ್ನು ಸುತ್ತಿ ಬರುತ್ತಿದ್ದೆವು. ಅಂದು ಆರಾಧನೆ ಮುಗಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಮಡಿಲಲ್ಲಿ ಗರಿಗಳನ್ನಿಟ್ಟುಕೊಂಡು ಕುಳಿತ ಎಪ್ಪತ್ತು ಎಂಬತ್ತು ಜನರ ಮುಂದೆ ನಾನು ನಿಂತೆ. ಮೂರು ಸಲ ಬರೆದು ಬಾಯಿಪಾಠ ಮಾಡಿದ್ದ ಭಾಷಣ ನೆನಪಿಗೆ ಬರಲಿಲ್ಲ.

"ನನ್ನಿಂದ ತಪ್ಪಾಯಿತು," ಎಂದೆ. "ನಾವು ಏನು ನಂಬುತ್ತೇವೆ ಅಂತ ಬರೆಯಲು ಹೇಳಿದಿರಿ. ನಾನು ನಿಮ್ಮನ್ನು ಕೇಳದೆ ಪುಸ್ತಕ ನೋಡಿ ಬರೆದೆ. ಈಗ ಒಂದೊಂದೇ ಸಾಲು ಓದುತ್ತೇನೆ. ಮನಸ್ಸಾರೆ ನಂಬುವವರು ಎದ್ದುನಿಲ್ಲಿ. ಆಗದವರು ಕುಳಿತೇ ಇರಿ. ಯಾರೂ ಯಾರನ್ನೂ ಯಾಕೆ ಎಂದು ಕೇಳಬಾರದು. ಎಲ್ಲರೂ ನಿಂತ ಸಾಲು ಈ ಹಾಳೆಯಲ್ಲಿ ಉಳಿಯಲಿ. ಒಬ್ಬರೇ ಕುಳಿತಿದ್ದರೂ ಆ ಸಾಲನ್ನು ಇನ್ನೊಂದು ಹಾಳೆಗೆ ಬರೆಯುತ್ತೇನೆ."

ಗಾರ್ಡ್ ಸಾರ್ ಕೂಡಲೇ ಎದ್ದರು. "ಹಾಗಾದ್ರೆ ಯಾರು ಏನು ಬೇಕಾದ್ರೂ ನಂಬಬಹುದು ಅಂತಲಾ? ಅದಕ್ಕೆ ಸಭೆ ಯಾಕೆ, ಸಂತೆ ಸಾಕಲ್ಲ!"

"ಮೊದಲು ಎಲ್ಲರೂ ಎಷ್ಟಕ್ಕೆ ನಿಲ್ತಾರೆ ನೋಡೋಣ, ಸಾರ್," ಎಂದರು ಅಯ್ಯನವರು. "ಆಮೇಲೆ ಸಭೆಯೋ ಸಂತೆಯೋ ತೀರ್ಮಾನ ಮಾಡೋಣ."

ಮೊದಲನೆಯ ಸಾಲು ಓದಿದೆ. ಗರಿಗಳು ಸರಸರ ಸದ್ದು ಮಾಡಿದವು; ಇಡೀ ಸಭೆ ಎದ್ದು ನಿಂತಿತ್ತು. ಎರಡನೆಯದಕ್ಕೆ, ಮಂಡಿನೋವಿನ ಮುದುಕಿಯೊಬ್ಬರು ಕೂಡ ಪಕ್ಕದವರ ಭುಜ ಹಿಡಿದು ನಿಂತರು. ಮೂರನೆಯ ಸಾಲು ಓದಿದ್ದೇ ತಡ, ಹೆಂಗಸರ ಕಡೆಯಿಂದ ಅವ್ವನ ಕೂಗು ಕೇಳಿಸಿತು.

"ಏನೇ ಇದು! ಎರಡ್ನೇ ಸಲ ನೀರು ತಪ್ಪು ಅಂತ ಬರ್ದಿದ್ದೀಯಾ? ಇದಕ್ಕಾ ನನ್ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು? ಓದಿದ್ ಮಗಳನ್ನ ನಂಬಿ ಕೆಟ್ಟೆ ಕಣ್ರವ್ವ!"

ಚರ್ಚಿನೊಳಗೆ ಅಂಥ ನಗು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಗಾರ್ಡ್ ಸಾರ್ ಅವರ ತುಟಿಯೂ ಸ್ವಲ್ಪ ಸಡಿಲವಾಯಿತು. ಅವ್ವ ಗಟ್ಟಿಯಾಗಿ ಕುಳಿತಳು. ನಾನು ಮೂರನೆಯ ಸಾಲನ್ನು ಎರಡನೆಯ ಹಾಳೆಗೆ ಬರೆದುಕೊಂಡೆ.

ಒಂಬತ್ತನೆಯ ಸಾಲಿನ ಹೊತ್ತಿಗೆ ಜನ ಹೊಂದಿಕೊಂಡಿದ್ದರು. ನಾನು ಓದಿ ತಲೆಯೆತ್ತಿದೆ. ಅಪ್ಪನೊಬ್ಬರೇ ಕುಳಿತಿರುತ್ತಾರೆ ಎಂದು ಎಣಿಸಿದ್ದೆ. ಅಪ್ಪ ಕುಳಿತಿದ್ದರು. ಅವರ ಮುಂದಿನ ಬೆಂಚಿನ ಇಬ್ಬರು ಕುಳಿತಿದ್ದರು. ಗೋಡೆಯ ಬದಿಯಲ್ಲಿ ವಿಧವೆಯೊಬ್ಬಳು ಕುಳಿತಿದ್ದಳು. ಅವ್ವ ಅರ್ಧ ಎದ್ದವಳು ಅಪ್ಪನ ಕಡೆ ನೋಡಿ ಕುಳಿತಳು. ಅಯ್ಯನವರು ತಮ್ಮ ಕುರ್ಚಿಯಿಂದ ಎದ್ದಿರಲಿಲ್ಲ. ಇಷ್ಟು ವರ್ಷ ಅಕ್ಕಪಕ್ಕ ಕುಳಿತಿದ್ದರೂ ಇವರು ತಮ್ಮ ತಮ್ಮ ಮನೆಗಳಲ್ಲಿ ದೀಕ್ಷಾಸ್ನಾನವಿಲ್ಲದೆ ಸತ್ತವರ ಬಗ್ಗೆ ಒಬ್ಬರೊಡನೊಬ್ಬರು ಮಾತನಾಡಿರಲಿಲ್ಲವೆಂಬುದು, ಅವರು ಪರಸ್ಪರ ನೋಡಿಕೊಂಡ ರೀತಿಯಲ್ಲೇ ತಿಳಿಯುತ್ತಿತ್ತು. ಗಾರ್ಡ್ ಸಾರ್ ಮಾತ್ರ ಕಂಬದಂತೆ ನಿಂತಿದ್ದರು.

"ನಾನು ನಿಲ್ತೀನಿ. ನಾನು ಇದನ್ನ ನಂಬ್ತೀನಿ," ಎಂದರು.

"ನಿಲ್ಲಿ ಸಾರ್," ಎಂದರು ಅಪ್ಪ, ಕುಳಿತಲ್ಲಿಂದಲೇ. "ನಿಮ್ಮನ್ನ ಕೂತ್ಕೊಳಿ ಅಂತ ನಾನು ಹೇಳಕ್ಕಿಲ್ಲ."

ಹತ್ತನೆಯದಾಯಿತು. ಹನ್ನೊಂದನೆಯ ಸಾಲು, ಪ್ರಾರ್ಥನೆ ಎಲ್ಲ ರೋಗಗಳನ್ನೂ ನಿಶ್ಚಯವಾಗಿ ಗುಣಪಡಿಸುತ್ತದೆ ಎಂಬುದು. ಸಭೆಯ ಬಹುಪಾಲು ಜನ ಎದ್ದರು. ಮೊದಲಿನಿಂದಲೂ ಒಂದೇ ಸಮನೆ ನಿಂತಿದ್ದ ಗಾರ್ಡ್ ಸಾರ್ ಬೆಂಚಿನ ಹಿಂಬದಿ ಹಿಡಿದುಕೊಂಡು ನಿಧಾನವಾಗಿ ಕುಳಿತುಬಿಟ್ಟರು. ಅವರ ಪತ್ನಿಗಾಗಿ ಆ ಮನೆಯಲ್ಲಿ ನಡೆದ ಪ್ರಾರ್ಥನೆಗಳಿಗೆ ನಾವೆಲ್ಲರೂ ಹೋಗಿದ್ದೆವು. ಕಾರಣ ಎಲ್ಲರಿಗೂ ಗೊತ್ತಿತ್ತು. ಆದರೂ ಅವರೇ ಹೇಳಿದರು.

"ಈ ಸಾಲು ನಿಜವಾದ್ರೆ, ನನ್ನ ಪ್ರಾರ್ಥನೇಲಿ ಏನೋ ಕಡಿಮೆ ಆಯ್ತು ಅಂತ ಆಗುತ್ತೆ." ತಮ್ಮ ಕೈಯ ಗರಿಯನ್ನು ನೋಡುತ್ತಿದ್ದರು. "ಮೊದಲನೇ ಸಹಿ ನಂದೇ. ಓದಿಯೇ ಹಾಕಿದ್ದೆ. ಈಗ ಗಟ್ಟಿಯಾಗಿ ಕೇಳಿದ ಮೇಲೆ ನಿಲ್ಲೋಕೆ ಆಗ್ಲಿಲ್ಲ."

ಅಪ್ಪ ತಮ್ಮ ಜಾಗದಿಂದ ಎದ್ದುಹೋಗಿ ಅವರ ಪಕ್ಕದಲ್ಲಿ ಕುಳಿತರು. ನಾನು ಹನ್ನೊಂದನೆಯ ಸಾಲನ್ನೂ ಎರಡನೆಯ ಹಾಳೆಗೆ ಬರೆದೆ.

ಕೊನೆಗೆ ಎಲ್ಲರೂ ನಿಂತದ್ದು ಐದು ಸಾಲುಗಳಿಗೆ. ಏಳು ಸಾಲುಗಳು ಆಚೆಗೆ ಹೋದವು. ಐದೇ ಉಳಿದವಲ್ಲ ಎಂದು ಒಬ್ಬರು ಪೇಚಾಡಿದಾಗ, ಅಯ್ಯನವರು ಆ ಐದನ್ನು ಗಟ್ಟಿಯಾಗಿ ಓದಿಸಿದರು. ಸೃಷ್ಟಿ, ಯೇಸುವಿನ ಮರಣ ಮತ್ತು ಪುನರುತ್ಥಾನ, ಪಾಪಕ್ಷಮೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವ ಕರ್ತವ್ಯ, ಪವಿತ್ರಾತ್ಮನ ಸಹಾಯ. ಎಂಬತ್ತು ಗಂಟಲುಗಳಿಂದ ಹೊರಟ ಆ ಐದು ಸಾಲುಗಳನ್ನು ಕೇಳಿದ ಮೇಲೆ ಯಾರಿಗೂ ಅವು ಕಡಿಮೆ ಎನಿಸಲಿಲ್ಲ. ಎರಡನೆಯ ಹಾಳೆಯ ತಲೆಬರಹಕ್ಕೆ ನಾನು ಪುಸ್ತಕ ನೋಡಲಿಲ್ಲ. 'ಇವುಗಳಲ್ಲಿ ನಮಗೆ ಬೇರೆ ಬೇರೆ ಅಭಿಪ್ರಾಯಗಳಿವೆ. ಈ ಕಾರಣಕ್ಕೆ ಯಾರನ್ನೂ ಕರ್ತನ ಮೇಜಿನಿಂದ ದೂರ ಇಡುವುದಿಲ್ಲ' ಎಂದು ಬರೆದು ಓದಿದೆ. ಜನ ಒಪ್ಪಿದರು.

"ನಾನು ಒಪ್ಪೋದಿಲ್ಲ," ಎಂದರು ಗಾರ್ಡ್ ಸಾರ್. ದನಿ ಮೊದಲಿನ ಬಿಗಿಗೆ ಮರಳಿತ್ತು. "ನಾನು ಒಂದು ಸಾಲಿಗೆ ಕೂತೆ, ನಿಜ. ಆದ್ರೂ ಎರಡನೇ ಹಾಳೆ ಇರೋದು ಸಭೆಗೆ ಒಳ್ಳೇದಲ್ಲ ಅಂತಲೇ ನನ್ನ ಅಭಿಪ್ರಾಯ. ಅದನ್ನ ದಾಖಲೆ ಮಾಡ್ಬೇಕು."

ಎಲ್ಲಿ ದಾಖಲೆ ಮಾಡುವುದೆಂದು ತಿಳಿಯದೆ ನಾನು ಅಯ್ಯನವರ ಕಡೆ ನೋಡಿದೆ. ಉತ್ತರ ಬಂದದ್ದು ಅಪ್ಪನಿಂದ.

"ಅದ್ರಲ್ಲೇ ಬರ್ಕೊ ಮಗಾ, ಎಂಟ್ನೇದು ಅಂತ. ಅವ್ರದ್ದೂ ಬೇರೆ ಅಭಿಪ್ರಾಯ ತಾನೇ?"

ಸಭೆಯಲ್ಲಿ ಮತ್ತೆ ನಗು ಎದ್ದಿತು. ಈ ಸಲ ಗಾರ್ಡ್ ಸಾರ್ ಕೂಡ ನಗು ಕಾಣದಂತೆ ಮುಖ ಮರೆಮಾಡಿಕೊಳ್ಳಬೇಕಾಯಿತು. ಎರಡನೆಯ ಹಾಳೆಯೇ ಇರಬಾರದೆಂಬ ಮಾತನ್ನು ಎರಡನೆಯ ಹಾಳೆಯಲ್ಲಿ ನಾನು ನನ್ನ ಅತ್ಯುತ್ತಮ ಕೈಬರಹದಲ್ಲಿ ಬರೆದೆ. ಅವರು ಅದನ್ನು ಎರಡು ಸಲ ಓದಿ, ಒಂದು ಅಕ್ಷರ ತಿದ್ದಿಸಿ, ಸಹಿ ಹಾಕಿದರು. ಆಮೇಲೆ ಮೇಜಿನ ಹಿಂದೆ ನಿಂತು, ಸೆಕ್ರೆಟರಿಯ ಗತ್ತಿನಲ್ಲಿ ಒಬ್ಬೊಬ್ಬರನ್ನೇ ಕರೆದರು. ಅವ್ವ ಈ ಸಲ ಎರಡೂ ಹಾಳೆಗಳನ್ನು ನನ್ನಿಂದ ಪೂರ್ತಿ ಓದಿಸಿಕೊಂಡ ಮೇಲಷ್ಟೇ ಹೆಬ್ಬೆರಳು ಕೊಟ್ಟಳು.

ಅಪ್ಪ ಬಂದರು. ಮೇಲಿದ್ದ ಮೊದಲನೆಯ ಹಾಳೆಯನ್ನು ಬದಿಗೆ ಸರಿಸಿ, ಎರಡನೆಯದನ್ನು ಮುಂದಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ ತಮ್ಮ ಹೆಸರು ಬರೆಯತೊಡಗಿದರು.

"ಏನ್ರೀ ಯೋನಪ್ಪ, ಉಲ್ಟಾ ಹಾಕ್ತಿದ್ದೀರಿ! ನಮ್ಮ ನಂಬಿಕೆ ಮೊದಲನೇ ಹಾಳೇಲಿದೆ. ಅದಕ್ಕೆ ಮೊದಲು ಹಾಕಿ," ಎಂದರು ಗಾರ್ಡ್ ಸಾರ್.

ಅಪ್ಪ ಹೆಸರು ಮುಗಿಸಿ ಪೆನ್ನೆತ್ತಿದರು.

"ಅದಕ್ಕೂ ಹಾಕ್ತೀನಿ ಸಾರ್, ಎಲ್ಲೋಯ್ತದೆ," ಎಂದರು. "ನಮ್ಮವ್ವ ಈ ಬಾಗಿಲಿಗೆ ನನಗಿಂತ ಮುಂಚೆ ಬಂದೋಳು. ಅವಳ ಹಾಳೆ ಮೊದ್ಲು."

ಗಾರ್ಡ್ ಸಾರ್, ಅಪ್ಪನ ಸಹಿಯ ಮಸಿ ಆರುವವರೆಗೂ ಆ ಹಾಳೆಯ ಅಂಚನ್ನು ಗಾಳಿಗೆ ಹಾರದಂತೆ ತಮ್ಮ ಕೈಯಿಂದ ಒತ್ತಿ ಹಿಡಿದಿದ್ದರು.